ಔಷಧ ಒಂದೇ, ಕಣ್ಣು ಬೇರೆ ಬೇರೆ

ಶಹಾಪುರದ ನಮ್ಮ ಮನೆಯಲ್ಲಿ ಜೋಳದ ಚೀಲ ಕಾಯುವುದು ಬೆಕ್ಕೇ. ಹೋದ ಮಳೆಗಾಲದಲ್ಲಿ ಅದರ ಕಾಲಿಗೆ ಗಾಯವಾಗಿ ಕೀವು ತುಂಬಿತು. ಎಮ್ಮೆಗೆ ತಂದ ಇಂಜೆಕ್ಷನ್ ಬಾಟಲಿಯಲ್ಲಿ ಔಷಧ ಉಳಿದಿತ್ತು. “ಅದನ್ನೇ ಒಂಚೂರು ಕೊಡ್ರಿ ಅಕ್ಕಾ, ಔಷಧ ಔಷಧನೇ ಅಲ್ಲೇನು?” ಎಂದಳು ಪಕ್ಕದ ಮನೆಯಾಕೆ. ನನಗೂ ಹೌದೆನ್ನಿಸಿತು. ಆದರೂ ಪಶುವೈದ್ಯರನ್ನು ಕೇಳಿದೆ. ಕೇಳಿದ್ದೇ ಒಳ್ಳೇದಾಯ್ತು!

ಅದು ಎನ್ರೋಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್. ಬೆಕ್ಕಿಗೂ ಕೊಡುತ್ತಾರೆ, ಆದರೆ ದಿನಕ್ಕೆ, ತೂಕದ ಕಿಲೋಗೆ 5 ಮಿಲಿಗ್ರಾಂ ಮೀರಬಾರದು. 3 ಕಿಲೋ ಬೆಕ್ಕಿಗೆ 15 ಮಿಲಿಗ್ರಾಂ ಆಯಿತು. ದನದ ಔಷಧದಲ್ಲಿ 1 ಮಿಲಿಗೇ 100 ಮಿಲಿಗ್ರಾಂ ಇರುತ್ತದೆ! ಔಷಧ ಕಣ್ಣಿನ ಒಳಪರದೆಗೆ ಸೇರದಂತೆ ತಡೆಯುವ ಕಾವಲು ಬೆಕ್ಕಿನಲ್ಲಿ ದುರ್ಬಲ. ಹೆಚ್ಚಾದರೆ ಪರದೆ ಕೆಟ್ಟು ಕುರುಡಾಗಬಹುದು. ಹೋದ ದೃಷ್ಟಿ ಮರಳುವುದು ಅಪರೂಪ. ಮುದಿ ಬೆಕ್ಕಿಗೆ, ಮೂತ್ರಪಿಂಡ ಕೆಟ್ಟದ್ದಕ್ಕೆ ಅಪಾಯ ಇನ್ನೂ ಹೆಚ್ಚು. ನಾಯಿಗಳಿಗೆ ಬೇರೆ ಕಷ್ಟ: ಸಲ್ಫಾ ಔಷಧಗಳಿಂದ ಕಣ್ಣೀರು ಬತ್ತಿ ಕಣ್ಣು ಒಣಗುವುದುಂಟು.

ಔಷಧ ನಡೆದಿರುವಾಗ ಬೆಳಕಿನಲ್ಲೂ ಬೆಕ್ಕಿನ ಕಣ್ಣುಗುಡ್ಡೆಯ ಕಪ್ಪು ಅಗಲವಾಗಿಯೇ ಇದ್ದರೆ, ಗೋಡೆಗೆ, ಪಾತ್ರೆಗೆ ಡಿಕ್ಕಿ ಹೊಡೆದರೆ, ಅಂದೇ ವೈದ್ಯರಿಗೆ ತೋರಿಸಿ. ಸೋದರಿಯರೇ, ಯಾದಗಿರಿಯಿರಲಿ, ಸುರಪುರವಿರಲಿ, ಸರಕಾರಿ ಪಶು ಆಸ್ಪತ್ರೆ ಇದ್ದೇ ಇದೆ. ಬೆಕ್ಕನ್ನು ತೂಗಿಸಿಯೇ ಔಷಧ ತನ್ನಿ.

ನಮ್ಮ ಬೆಕ್ಕು ಈಗಲೂ ಕತ್ತಲಲ್ಲಿ ಇಲಿ ಹಿಡೀತದೆ.