ಜಯನಗರದ ಆ ಒಂದು ತಿಂಗಳು

ಎಲೆಕ್ಷನ್ ಬಂತೆಂದರೆ ಚಹಾ ಅಂಗಡಿಯಲ್ಲಿ ಮದ್ರಸದ ಉಸ್ತಾದರಿಗೂ ಕಾನೂನಿನ ಪ್ರಶ್ನೆ ಬರುತ್ತದೆ. ಹಿಂದೊಮ್ಮೆ ಹಿರಿಯರೊಬ್ಬರು ಕೇಳಿದರು: "ಉಸ್ತಾದರೇ, ಪ್ರಚಾರದ ನಡುವೆ ಎಮ್ಮೆಲ್ಲೆ ತೀರಿಹೋದರೆ ನಮ್ಮ ವೋಟು ಏನಾಗ್ತದೆ?" ನಾವು ಬಾಯಿ ತೆರೆಯುವ ಮೊದಲೇ ಪಕ್ಕದವರು ಉತ್ತರ ಕೊಟ್ಟರು. "ಆಗುವುದೇನು? ಮನೆಯವರಿಗೆ ಟಿಕೆಟ್, ಅನುಕಂಪದ ಅಲೆ, ಗೆಲುವು. ಮುಗೀತು."

ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ಬೆಂಗಳೂರಿನ ಜಯನಗರದಲ್ಲಿ 2018ರಲ್ಲಿ ನಡೆದದ್ದನ್ನು ನೆನಪು ಮಾಡಿಕೊಂಡರೆ ಗೊತ್ತಾಗುತ್ತದೆ.

ಆ ವರ್ಷ ಮೇ 12ಕ್ಕೆ ವಿಧಾನಸಭೆಯ ಮತದಾನ. ಜಯನಗರದ ಬಿಜೆಪಿ ಶಾಸಕ ಬಿ.ಎನ್. ವಿಜಯಕುಮಾರ್ 2008, 2013 ಎರಡು ಬಾರಿ ಗೆದ್ದು ಮೂರನೇ ಸಲಕ್ಕೆ ನಿಂತಿದ್ದರು. ಪ್ರಚಾರ ಮಾಡುತ್ತಿದ್ದಾಗಲೇ ಕುಸಿದು ಬಿದ್ದರು. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ, ಮೇ 4ರ ನಸುಕಿನಲ್ಲಿ ತೀರಿಕೊಂಡರು. ವಯಸ್ಸು 59. ಮತದಾನಕ್ಕೆ ಉಳಿದದ್ದು ಎಂಟೇ ದಿನ.

ಇಲ್ಲಿ ಕಾನೂನು ಏನು ಹೇಳ್ತದೆ ಅಂದರೆ, 1951ರ ಜನಪ್ರಾತಿನಿಧ್ಯ ಕಾಯ್ದೆಯ 52ನೇ ಕಲಮಿನಂತೆ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮುಂಚೆ ಸತ್ತರೆ ಆ ಕ್ಷೇತ್ರದ ಮತದಾನ ಮುಂದೆ ಹೋಗಬೇಕು. ಆ ಪಕ್ಷಕ್ಕೆ ಬೇರೆ ಹೆಸರು ಕೊಡಲು ಏಳು ದಿನ. ಉಳಿದವರು ಮತ್ತೆ ನಾಮಪತ್ರ ಹಾಕಬೇಕಾಗಿಲ್ಲ. ಮೊದಲು ಪಕ್ಷೇತರನೊಬ್ಬ ಸತ್ತರೂ ಚುನಾವಣೆ ನಿಲ್ಲುತ್ತಿತ್ತು. ಹಾಗಾದರೆ ಚುನಾವಣೆ ತಪ್ಪಿಸಬೇಕು ಅನ್ನುವವನಿಗೆ ಒಬ್ಬ ಬಡಪಾಯಿ ಪಕ್ಷೇತರನ ಜೀವ ತೆಗೆದರೆ ಸಾಕು ಅಂತಾಯಿತಲ್ಲ! ಪಂಜಾಬಿನಲ್ಲಿ ಉಗ್ರವಾದದ ಕಾಲದಲ್ಲಿ ಅಭ್ಯರ್ಥಿಗಳ ಕೊಲೆಗಳೇ ನಡೆದವು. 1996ರ ತಿದ್ದುಪಡಿಯಲ್ಲಿ ಪಕ್ಷೇತರರನ್ನು ಈ ನಿಯಮದಿಂದ ಹೊರಗಿಟ್ಟರು. ಪಕ್ಷೇತರನ ಹಿಂದೆಯೂ ಸಾವಿರಾರು ಮತದಾರರು ಇರಬಹುದು, ಅವರಿಗೆ ಬದಲಿ ಇಲ್ಲ. ಆದರೂ ತಿದ್ದುಪಡಿ ಬೇಕಿತ್ತು ಅಂತಲೇ ನಮಗೆ ಕಾಣುತ್ತದೆ.

ಜಯನಗರದ ಮತದಾನ ಜೂನ್ 11ಕ್ಕೆ ಹೋಯಿತು. ಬಿಜೆಪಿ ವಿಜಯಕುಮಾರರ ತಮ್ಮ ಬಿ.ಎನ್. ಪ್ರಹ್ಲಾದ್ ಬಾಬು ಅವರನ್ನು ನಿಲ್ಲಿಸಿತು. ಕಾಂಗ್ರೆಸ್ಸಿನಿಂದ ಮೊದಲೇ ನಿಂತಿದ್ದವರು ಸೌಮ್ಯಾ ರೆಡ್ಡಿ. ಅವರ ತಂದೆ ರಾಮಲಿಂಗಾ ರೆಡ್ಡಿ ಪಕ್ಕದ ಬಿಟಿಎಂ ಲೇಔಟಿಗೆ ಹೋಗುವ ಮೊದಲು ಇದೇ ಜಯನಗರದ ಶಾಸಕರಾಗಿದ್ದವರು. ಅಂದರೆ ಒಂದು ಕಡೆ ತಮ್ಮ, ಇನ್ನೊಂದು ಕಡೆ ಮಗಳು. ಮನೆತನದ ರಾಜಕೀಯ ಅಂತ ಯಾರು ಯಾರನ್ನು ದೂರುವುದು?

ಆದರೆ ನಿಜವಾದ ವಿಷಯ ಇರುವುದು ನಡುವಿನ ಆ ಒಂದು ತಿಂಗಳಲ್ಲಿ. ಮೇ 15ರಂದು ಉಳಿದ ಕಡೆಯ ಫಲಿತಾಂಶ ಬಂತು, ಯಾರಿಗೂ ಬಹುಮತ ಇಲ್ಲ. 17ಕ್ಕೆ ಯಡಿಯೂರಪ್ಪ ಪ್ರಮಾಣವಚನ, 19ಕ್ಕೆ ರಾಜೀನಾಮೆ. 23ಕ್ಕೆ ಕುಮಾರಸ್ವಾಮಿ ಮುಖ್ಯಮಂತ್ರಿ. ಮೇ 12ಕ್ಕೆ ಎದುರಾಳಿಗಳಾಗಿದ್ದ ಕಾಂಗ್ರೆಸ್, ಜೆಡಿಎಸ್ ಜೂನ್ ಬರುವಾಗ ಒಂದೇ ಸರಕಾರದಲ್ಲಿ ಕೂತಿದ್ದವು. ಜಯನಗರದ ಜೆಡಿಎಸ್ ಅಭ್ಯರ್ಥಿ ಕಣದಿಂದ ಸರಿದು ಸೌಮ್ಯಾ ಅವರಿಗೆ ಬೆಂಬಲ ಹೇಳಿದರು.

ಮೇ 12ಕ್ಕೆ ವೋಟು ಹಾಕಿದವರಿಗೆ ಸರಕಾರ ಯಾರದ್ದು ಅಂತ ಗೊತ್ತಿರಲಿಲ್ಲ. ಜಯನಗರದವರು ಉತ್ತರ ನೋಡಿಕೊಂಡೇ ಪರೀಕ್ಷೆಗೆ ಕೂತ ಹಾಗಾಯಿತು. ಬೂತಿಗೆ ಬಂದವರೂ ಸುಮಾರು ಶೇ 55 ಮಾತ್ರ. ಜೂನ್ 13ರ ಎಣಿಕೆಯಲ್ಲಿ ಸೌಮ್ಯಾ ಅವರಿಗೆ 54,457, ಪ್ರಹ್ಲಾದ್ ಅವರಿಗೆ 51,568. ಅಂತರ 2,889. ಅಣ್ಣ ಎರಡು ಸಲ ಗೆದ್ದ ಸೀಟು ತಮ್ಮನಿಗೆ ದಕ್ಕಲಿಲ್ಲ. ಚಹಾ ಅಂಗಡಿಯ ಲೆಕ್ಕ ಇಲ್ಲಿ ತಪ್ಪಿತು.

ಹಾಗಂತ ಅನುಕಂಪ ಅನ್ನುವುದೇ ಸುಳ್ಳು ಅಂತ ಹೇಳಲಿಕ್ಕೂ ಆಗುವುದಿಲ್ಲ. ಅದೇ ಮೇ ತಿಂಗಳ 28ರಂದು ಜಮಖಂಡಿಯಲ್ಲಿ ಆಗಷ್ಟೇ ಗೆದ್ದಿದ್ದ ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡ ತುಳಸಿಗೇರಿ ಬಳಿ ಕಾರು ಅಪಘಾತದಲ್ಲಿ ತೀರಿಹೋದರು. ಕೃಷ್ಣಾ ನದಿಗೆ ರೈತರ ಶ್ರಮದಾನದಿಂದ ಬ್ಯಾರೇಜ್ ಕಟ್ಟಿಸಿದವರು. 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದವರು. ಮೇಯಲ್ಲಿ ಅವರು ಗೆದ್ದದ್ದು 2,795 ಮತದಿಂದ. ನವೆಂಬರಿನ ಉಪಚುನಾವಣೆಯಲ್ಲಿ ಮಗ ಆನಂದ್ ಗೆದ್ದದ್ದು 39 ಸಾವಿರಕ್ಕೂ ಹೆಚ್ಚು ಮತದಿಂದ. ಅಲ್ಲಿಯೂ ಮೈತ್ರಿಯ ಬಲ ಇತ್ತು, ಸರಿ. ಆದರೆ ಇಷ್ಟು ದೊಡ್ಡ ಅಂತರ ಬರೀ ಮೈತ್ರಿಯಿಂದ ಬಂತು ಅಂದರೆ ನಮಗೆ ನಂಬಲು ಕಷ್ಟ. ನೀರು ಕೊಟ್ಟವನ ಹೆಸರು ಹೊಲದವರಿಗೆ ಬೇಗ ಮರೆಯುವುದಿಲ್ಲ.

ನಮ್ಮ ಪಕ್ಕದ ಮಂಜೇಶ್ವರದ ಕಥೆ ಬೇರೆಯೇ. ಅಲ್ಲಿ ಸಾವು ಪ್ರಚಾರದ ಹೊತ್ತಿನದ್ದಲ್ಲ, ಆದರೂ ಹೇಳಬೇಕು. 2016ರಲ್ಲಿ 89 ಮತದಿಂದ ಗೆದ್ದಿದ್ದ ಪಿ.ಬಿ. ಅಬ್ದುಲ್ ರಝಾಕ್ 2018ರ ಅಕ್ಟೋಬರ್ 20ರಂದು ತೀರಿಕೊಂಡರು. ಸೋತ ಕೆ. ಸುರೇಂದ್ರನ್ ಹಾಕಿದ್ದ ತಕರಾರು ಅರ್ಜಿ ಕೋರ್ಟಿನಲ್ಲಿ ಇದ್ದ ಕಾರಣ ಉಪಚುನಾವಣೆ ತಡವಾಯಿತು. ಅರ್ಜಿ ವಾಪಸಾದ ಮೇಲೆ ಮತದಾನ ಆದದ್ದು 2019ರ ಅಕ್ಟೋಬರ್ 21ಕ್ಕೆ. ಸರಿಯಾಗಿ ಒಂದು ವರ್ಷ ಆ ಕಡೆಯ ನಮ್ಮ ನೆಂಟರಿಗೆ ಶಾಸಕರೇ ಇರಲಿಲ್ಲ. ಅದಕ್ಕೆ ಹೋಲಿಸಿದರೆ ಜಯನಗರದ ಒಂದು ತಿಂಗಳು ಏನೂ ಅಲ್ಲ.

ನಮಗೆ ಬೇಸರ ಆಗುವುದು ಆ ಏಳು ದಿನದ ಬಗ್ಗೆ. ಅಣ್ಣನನ್ನು ಕಳಕೊಂಡವನ ಮನೆಗೆ ಸಾಂತ್ವನ ಹೇಳಲು ಬಂದವರಲ್ಲಿ ಯಾರು ಸಾಂತ್ವನಕ್ಕೆ ಬಂದವರು, ಯಾರು ಟಿಕೆಟ್ಟಿನ ಮಾತಿಗೆ ಬಂದವರು? ಕಣ್ಣೀರು ಆರುವ ಮೊದಲೇ ಹೂಂ ಅಥವಾ ಊಹೂಂ ಹೇಳಬೇಕು. ಕಾನೂನಿಗೆ ಬೇರೆ ದಾರಿ ಇಲ್ಲ, ಪಕ್ಷಕ್ಕೆ ಇತ್ತು. ಮನೆಯ ಹೊರಗೆ ಹುಡುಕಬಹುದಿತ್ತು.

2023ರಲ್ಲಿ ಬಿಜೆಪಿ ಜಯನಗರಕ್ಕೆ ಸಿ.ಕೆ. ರಾಮಮೂರ್ತಿ ಅವರನ್ನು ನಿಲ್ಲಿಸಿತು. ತಡರಾತ್ರಿವರೆಗೆ ಮರುಎಣಿಕೆ ನಡೆದು ಸೌಮ್ಯಾ ರೆಡ್ಡಿ ಸೋತರು. ಅಂತರ 16 ಮತ. ಚಹಾ ಅಂಗಡಿಯಲ್ಲಿ ಇದನ್ನು ಹೇಳಿದಾಗ ಆ ಹಿರಿಯರು ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು, "ನಮ್ಮ ಮನೆಯಲ್ಲೇ ಹದಿನಾರು ವೋಟು ಉಂಟು" ಅಂದರು.