ಪ್ಲಾಸ್ಮಾ ಹೋಯಿತು, ಎಲ್‌ಸಿಡಿ ಉಳಿಯಿತು: ಟೆಲಿವಿಷನ್ ಕೊಳ್ಳುವವರ ಲೆಕ್ಕ

ಡೊಂಬಿವಲಿಯ ಎರಡು ಕೋಣೆಗಳ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಹೊರಕೋಣೆ. ಬಂದವರು ಕೂರುವುದೂ ಅಲ್ಲೇ, ಮನೆಯವರು ಉಣ್ಣುವುದೂ ಅಲ್ಲೇ, ರಾತ್ರಿ ಮಕ್ಕಳು ಮಲಗುವುದೂ ಅಲ್ಲೇ. ಮೂಲೆಯ ಮೇಜಿನ ಮೇಲೆ 2010ರಲ್ಲಿ ಕೊಂಡ 42 ಅಂಗುಲದ ಪ್ಲಾಸ್ಮಾ ಟೆಲಿವಿಷನ್. ಊರು ಬಿಟ್ಟು ಮಗನ ಮನೆಗೆ ಬಂದಿರುವ ವೃದ್ಧ ತಾಯಿಗೆ ಹಗಲಿನಲ್ಲಿ ಕನ್ನಡ ಕಿವಿಗೆ ಬೀಳುವುದು ಆ ಪೆಟ್ಟಿಗೆಯಿಂದ ಮಾತ್ರ. ಒಂದು ಸಂಜೆ ಚಿತ್ರ ಮಿನುಗಿ ಕತ್ತಲಾಯಿತು. ರಿಪೇರಿಯವನು ಹಿಂಬದಿ ಬಿಚ್ಚಿ ನೋಡಿ, ಬೋರ್ಡು ಸುಟ್ಟಿದೆ, ಬದಲಿ ಸಿಗದು ಎಂದು ಹೇಳಿ ಹೋದ. ಮಹಾನಗರಗಳಲ್ಲಿ ಇಂತಹ ಮನೆಗಳಿಗೆ ಕೊರತೆಯಿಲ್ಲ.

2010ರ ಆಯ್ಕೆಯನ್ನು ಅವಿವೇಕವೆನ್ನಲಾಗದು. ಪ್ಲಾಸ್ಮಾ ಎಂದರೆ ಎರಡು ಗಾಜಿನ ಹಲಗೆಗಳ ನಡುವೆ ನಿಯಾನ್ ಮತ್ತು ಕ್ಸೆನಾನ್ ಅನಿಲ ತುಂಬಿದ ಲಕ್ಷಾಂತರ ಸೂಕ್ಷ್ಮ ಗೂಡುಗಳು. ವಿದ್ಯುತ್ತು ಹರಿದಾಗ ಅನಿಲದಿಂದ ನೇರಳಾತೀತ ಕಿರಣ ಹೊಮ್ಮಿ, ಗೂಡಿನ ಒಳಲೇಪವನ್ನು ಬೆಳಗಿಸುತ್ತದೆ. ಒಂದೊಂದು ಗೂಡೂ ಒಂದು ಪುಟ್ಟ ಟ್ಯೂಬ್‌ಲೈಟೇ ಸರಿ. ದೀಪ ಆರಿದ ಕಡೆ ಕಪ್ಪು ಕಪ್ಪಾಗಿಯೇ ಕಾಣುವುದು. ಎಲ್‌ಸಿಡಿಯ ರೀತಿ ಬೇರೆ. ಅಲ್ಲಿ ಹಿಂದೊಂದು ದೀಪ ಸದಾ ಉರಿಯುತ್ತಿರುತ್ತದೆ. ಮುಂದಿನ ದ್ರವಸ್ಫಟಿಕದ ಪದರವು ಕಿಟಕಿಯ ಪಡಕಿನಂತೆ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಪಡಕು ಎಷ್ಟು ಬಿಗಿಯಾದರೂ ಬೆಳಕು ಸ್ವಲ್ಪ ಸೋರುವುದರಿಂದ ಕಪ್ಪು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಆಗಿನ ದಿನಗಳಲ್ಲಿ ದೊಡ್ಡ ಗಾತ್ರದಲ್ಲಿ ಪ್ಲಾಸ್ಮಾ ಅಗ್ಗವೂ ಆಗಿತ್ತು. ಆದರೆ ಅದು ಭಾರ, ಬಿಸಿ, ವಿದ್ಯುತ್ತಿನ ವಿಷಯದಲ್ಲಿ ಹೊಟ್ಟೆಬಾಕ. ಪ್ಯಾನಸಾನಿಕ್ 2013ರ ಕೊನೆಗೆ ಇದರ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ ಕೈಬಿಟ್ಟವು. ಚಿತ್ರದಲ್ಲಿ ಗೆದ್ದದ್ದು ಮಾರುಕಟ್ಟೆಯಲ್ಲಿ ಸೋತಿತು.

ಆದ್ದರಿಂದ ಹಳೆಯ ಪ್ಲಾಸ್ಮಾ ಸೆಟ್ಟೊಂದು ಯಾರಲ್ಲೋ ಅಗ್ಗಕ್ಕೆ ದೊರೆಯುತ್ತದೆಂದು ಮರುಳಾಗುವುದು ಸಲ್ಲದು. ದಿನಕ್ಕೆ 5 ತಾಸು ನೋಡುವ ಮನೆಯಲ್ಲಿ 250 ವ್ಯಾಟಿನ ಪ್ಲಾಸ್ಮಾ ವರ್ಷಕ್ಕೆ ಸುಮಾರು 456 ಯೂನಿಟ್ ನುಂಗುತ್ತದೆ. 80 ವ್ಯಾಟಿನ ಇಂದಿನ 43 ಅಂಗುಲದ ಸೆಟ್ಟಿಗೆ 146 ಯೂನಿಟ್ ಸಾಕು. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ ವರ್ಷದ ಅಂತರ 2,480 ರೂಪಾಯಿ, ಐದು ವರ್ಷಕ್ಕೆ 12,400.

ಇಂದು ಅಂಗಡಿಗೆ ಹೋದವರನ್ನು ಕಾಡುವುದು ಹೆಸರುಗಳ ಸಂತೆ. ಎಲ್‌ಇಡಿ ಟೀವಿ ಎಂದು ಮಾರುವುದು ಎಲ್‌ಸಿಡಿಯೇ. ಹಿಂದಿನ ದೀಪ ಮಾತ್ರ ಬದಲಾಗಿದೆ. ಕ್ಯೂಎಲ್‌ಇಡಿಯೂ ಅದೇ ವಂಶ, ಬಣ್ಣವನ್ನು ತಿಳಿಗೊಳಿಸುವ ಒಂದು ಪದರ ಹೆಚ್ಚು. ಓಎಲ್‌ಇಡಿ ಮಾತ್ರ ಬೇರೆ ಜಾತಿ: ಪ್ಲಾಸ್ಮಾದಂತೆ ಒಂದೊಂದು ಚುಕ್ಕಿಗೂ ಸ್ವಂತ ಬೆಳಕು. ಕಪ್ಪಿನ ಸೊಗಸೂ ಇದೆ, ಒಂದೇ ಚಾನೆಲ್ಲಿನ ಲಾಂಛನ ದಿನವಿಡೀ ನಿಂತರೆ ಅದರ ಕಲೆ ಉಳಿಯುವ ಭಯವೂ ಇದೆ. ಬೆಲೆಯಂತೂ ಮಿತವ್ಯಯದ ಮನೆಗೆ ಹೊಂದದು.

ಗಾತ್ರವನ್ನು ನಿರ್ಣಯಿಸಬೇಕಾದುದು ಆಸೆಯಲ್ಲ, ಅಳತೆ ಪಟ್ಟಿ. ಪರದೆಯ ಕರ್ಣದ ಅಳತೆಯ ಒಂದೂವರೆಯಿಂದ ಎರಡು ಪಟ್ಟು ದೂರ ಕುಳಿತರೆ ನೋಟಕ್ಕೆ ಹಿತ. 43 ಅಂಗುಲಕ್ಕೆ ಐದೂವರೆಯಿಂದ ಏಳು ಅಡಿ. 55ಕ್ಕೆ ಏಳರಿಂದ ಒಂಬತ್ತು. ಮಂಚ, ಕಪಾಟು ಕಳೆದು ಹತ್ತಡಿಯ ಕೋಣೆಯಲ್ಲಿ ಏಳಡಿ ಉಳಿದರೆ ಹೆಚ್ಚು. ಮತ್ತೊಂದು ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬೇಕು. ಅಲ್ಲಿನ ಸೆಟ್ಟುಗಳನ್ನು ಕಣ್ಣು ಕೋರೈಸುವಷ್ಟು ಹೊಳಪಿಗೆ ಏರಿಸಿರುತ್ತಾರೆ. ಅದನ್ನು ಮನೆಯ ಮಟ್ಟಕ್ಕೆ ಇಳಿಸಲು ಹೇಳಿ, ಪಕ್ಕಕ್ಕೆ ಸರಿದು ನೋಡಬೇಕು. ಕೆಲವು ಎಲ್‌ಸಿಡಿಗಳಲ್ಲಿ ಓರೆಯಿಂದ ನೋಡಿದಾಗ ಬಣ್ಣ ಮಾಸುತ್ತದೆ. ಒಬ್ಬರು ನೆಲದಲ್ಲಿ, ಒಬ್ಬರು ಮಂಚದಲ್ಲಿ, ಒಬ್ಬರು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುವ ಸಂಸಾರಕ್ಕೆ ಇದು ಸಣ್ಣ ದೋಷವಲ್ಲ.

32 ಅಂಗುಲಕ್ಕಿಂತ ದೊಡ್ಡ ಸೆಟ್ಟುಗಳ ಮೇಲೆ ಶೇಕಡಾ 28 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದುದರಿಂದ, ತೆರಿಗೆಯ ಭಯಕ್ಕೆ ಚಿಕ್ಕದನ್ನೇ ಕೊಳ್ಳಬೇಕಾದ ಕಾಲ ಮುಗಿಯಿತು. ಆದರೆ ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕದ ಮುಂದೆ ಕೊಂಚ ನಿಲ್ಲಬೇಕು. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. 30,000 ರೂಪಾಯಿಯ ಸೆಟ್ಟಿಗೆ ತಿಂಗಳಿಗೆ 5,000ದಂತೆ ಆರು ಕಂತು ಎಂದಿಟ್ಟುಕೊಂಡರೆ, ಶೇಕಡಾ 15ರ ದರದಲ್ಲಿ ಅದರೊಳಗೆ ಸುಮಾರು 1,270 ರೂಪಾಯಿ ಬಡ್ಡಿ ಅಡಗಿದೆ. ಅಷ್ಟನ್ನು ರಿಯಾಯಿತಿಯೆಂದು ಮಾರುವವನೋ ತಯಾರಕನೋ ಬಿಟ್ಟುಕೊಡುತ್ತಾನೆ. ಬಡ್ಡಿಯ ಮೇಲಿನ ಜಿ.ಎಸ್.ಟಿ. 229 ರೂಪಾಯಿ ಮತ್ತು ಬ್ಯಾಂಕಿನ ಶುಲ್ಕ ಗಿರಾಕಿಯ ಕೊರಳಿಗೆ. ಪೂರ್ತಿ ಹಣ ಒಮ್ಮೆಗೇ ಕೊಡುವವನು ಆ 1,270ನ್ನು ಬೆಲೆಯಲ್ಲಿ ಇಳಿಸೆಂದು ಕೇಳುವುದು ನ್ಯಾಯವೇ. ಕೇಳಲು ಸಂಕೋಚಪಡುವವರೇ ನಮ್ಮವರಲ್ಲಿ ಹೆಚ್ಚು.

ಉಳಿದ ಹಣಕ್ಕೆ ಒಳ್ಳೆಯ ಉಪಯೋಗವಿದೆ. ಈಗಿನ ಸೆಟ್ಟುಗಳು ತೆಳುವಾದಂತೆಲ್ಲ ಅವುಗಳ ಸ್ಪೀಕರೂ ಸೊರಗಿದೆ. ಧ್ವನಿ ಕೆಳಕ್ಕೋ ಹಿಂದಕ್ಕೋ ಹೊರಡುತ್ತದೆ. ಕಿವಿ ಮಂದವಾದ ವೃದ್ಧರಿಗೆ ದೊಡ್ಡ ಪರದೆಗಿಂತ ಪ್ರತ್ಯೇಕ ಸ್ಪೀಕರೊಂದು ಮಿಗಿಲಾದ ಉಪಕಾರ. ಹತ್ತಿರದಿಂದ ನೋಡಿದರೆ ಕಣ್ಣು ಕೆಡುತ್ತದೆಂಬ ಹಳೆಯ ಮಾತಿನಲ್ಲಿ ಹುರುಳು ಕಡಿಮೆ. ಎವೆಯಿಕ್ಕದೆ ನೋಡುವುದರಿಂದ ಕಣ್ಣು ಒಣಗಿ ಉರಿಯುತ್ತದೆಂಬುದು ನಿಜ. ಕೋಣೆಯನ್ನು ಕತ್ತಲು ಮಾಡದೆ, ಪರದೆಯ ನಡುಭಾಗ ಕುಳಿತವರ ಕಣ್ಣಿನ ಮಟ್ಟಕ್ಕಿರುವಂತೆ ತೂಗುಹಾಕಿದರೆ ಕೊರಳಿಗೂ ಕ್ಷೇಮ. ಒಂದು ವರ್ಷದ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆ. ಮೇಜಿನ ಮೇಲಿನ ಸೆಟ್ಟನ್ನು ಮಕ್ಕಳು ಎಳೆದು ಮೈಮೇಲೆ ಬೀಳಿಸಿಕೊಳ್ಳುವ ಅಪಾಯವನ್ನು ಮಾತ್ರ ಯಾರೂ ಲಘುವಾಗಿ ಕಾಣಬಾರದು. ಗೋಡೆಗೆ ಮೊಳೆ ಹೊಡೆಯಲು ಮನೆಯ ಮಾಲೀಕ ಒಪ್ಪದಿದ್ದರೆ, ಸೆಟ್ಟನ್ನು ಪಟ್ಟಿಯಿಂದ ಭಾರವಾದ ಮೇಜಿಗಾದರೂ ಬಿಗಿಯಬೇಕು.

ಡೊಂಬಿವಲಿಯ ಆ ಮನೆಗೆ ಈ ಲೆಕ್ಕದಂತೆ ಒಪ್ಪುವುದು 43 ಅಂಗುಲದ ಎಲ್‌ಸಿಡಿ, ಜೊತೆಗೊಂದು ಸ್ಪೀಕರು. ಸತ್ತ ಪ್ಲಾಸ್ಮಾವನ್ನು ಬೀದಿಯ ರದ್ದಿಯವನಿಗೆ ಒಡೆಯಲು ಕೊಡದೆ, ಹೊಸದನ್ನು ಮಾರಿದ ಅಂಗಡಿಯವರು ವಿನಿಮಯಕ್ಕೆ ಒಯ್ಯುವರೋ ಎಂದು ಹಣ ತೆರುವ ಮೊದಲೇ ಕೇಳಿಕೊಳ್ಳುವುದು ಮೇಲು. ಮಹಡಿ ಇಳಿಸಲು ಇಬ್ಬರು ಆಳುಗಳಾದರೂ ಬೇಕು.