ನಳಿಗೆಯ ಅಲುಗಾಟ ಮತ್ತು ಗುಂಡಿನ ಹಾದಿ

ಏರ್‌ಸಾಫ್ಟ್ ಬಂದೂಕು ಎಂಬುದು ಮದ್ದನ್ನು ಸುಡದೆ, ಒತ್ತಿದ ಗಾಳಿಯ ಬಲದಿಂದ ಸುಮಾರು 6 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡನ್ನು ಹಾರಿಸುವ ಆಟದ ಯಂತ್ರ. ನಿಜವಾದ ಬಂದೂಕುಗಳ ಮೇಲೆ ಕಟ್ಟುನಿಟ್ಟಾದ ಕಾನೂನು ಇರುವ ಜಪಾನಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ಈ ಆಟಕ್ಕೆ 1991ರಲ್ಲಿ ಟೋಕಿಯೋ ಮರುಯಿ ಸಂಸ್ಥೆ ಬ್ಯಾಟರಿ, ಮೋಟಾರು ಮತ್ತು ಹಲ್ಲುಚಕ್ರಗಳಿಂದ ನಡೆಯುವ ಬಂದೂಕನ್ನು ತಂದ ಮೇಲೆ ಇಂದಿನ ರೂಪ ಬಂದಿತು. ಅಲ್ಲಿನ ಕಾನೂನು 2006ರ ತಿದ್ದುಪಡಿಯ ನಂತರ 6 ಮಿಲಿಮೀಟರ್ ಗುಂಡಿನ ಶಕ್ತಿಗೆ 0.98 ಜೌಲ್‌ನ ಮಿತಿ ಹಾಕಿದೆ, 0.2 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಹೆಚ್ಚುಕಡಿಮೆ 99 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಬಿದ್ದರೆ ಅದರಲ್ಲಿ ಅಷ್ಟು ಶಕ್ತಿ ಇರುತ್ತದೆ. ಇಷ್ಟು ಹಗುರವಾದ ಗುಂಡನ್ನು ಗಾಳಿ ಬೇಗನೆ ತಡೆಯುವುದರಿಂದ ಅದರ ಹಾದಿಯನ್ನು ನಿರ್ಧರಿಸುವ ಸಂಗತಿಗಳು ನಿಜವಾದ ಬಂದೂಕಿನವಕ್ಕಿಂತ ಬೇರೆಯಾಗಿವೆ. ಈ ಬಂದೂಕುಗಳ ಮೇಲೆ ಪದೇಪದೇ ಕೇಳಿಬರುವ ದೂರಾದ ನಳಿಗೆಯ ಅಲುಗಾಟವನ್ನು ಸರಿಪಡಿಸಹೊರಡುವ ಮೊದಲು ಆ ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಎಂ4 ರೈಫಲಿನ ಮಾದರಿಯ ಏರ್‌ಸಾಫ್ಟ್ ಬಂದೂಕಿನಲ್ಲಿ ಕಣ್ಣಿಗೆ ಕಾಣುವುದು ಒಂದೇ ನಳಿಗೆಯಾದರೂ ವಾಸ್ತವದಲ್ಲಿ ಇರುವುದು ಎರಡು. ಹೊರಗಿನದು ಅಲ್ಯೂಮಿನಿಯಂ, ಸತುವಿನ ಮಿಶ್ರಲೋಹ ಅಥವಾ ಪ್ಲಾಸ್ಟಿಕ್ಕಿನ ಕವಚವಾಗಿದ್ದು, ಬಂದೂಕಿನ ಒಡಲಾದ ರಿಸೀವರ್‌ಗೆ ಒಂದು ದೊಡ್ಡ ನಟ್ಟಿನಿಂದಲೂ ಕೆಲವು ಮಾದರಿಗಳಲ್ಲಿ ಸಣ್ಣ ಸ್ಕ್ರೂಗಳಿಂದಲೂ ಬಿಗಿಯಲ್ಪಟ್ಟಿರುತ್ತದೆ. ಅದರೊಳಗೆ ಹಿತ್ತಾಳೆಯ, ಅಲ್ಯೂಮಿನಿಯಂನ ಅಥವಾ ಉಕ್ಕಿನ ತೆಳುವಾದ ಒಳ ನಳಿಗೆ ಇದ್ದು, ಗುಂಡು ಚಲಿಸುವುದು ಇದರಲ್ಲಿ ಮಾತ್ರ. ಎಂ4ಗೆ ರೂಢಿಯಲ್ಲಿರುವ ಇದರ ಉದ್ದ 363 ಮಿಲಿಮೀಟರ್, ಒಳವ್ಯಾಸ ಸಾಮಾನ್ಯವಾಗಿ 6.08 ಮಿಲಿಮೀಟರ್, ಗುಂಡಿನ ನಿಜವಾದ ವ್ಯಾಸ 5.95 ಮಿಲಿಮೀಟರ್ ಆಗಿರುವುದರಿಂದ ಸುತ್ತಲೂ ಸ್ವಲ್ಪ ಗಾಳಿಗೆ ಜಾಗ ಉಳಿಯುತ್ತದೆ. ಒಳ ನಳಿಗೆಯ ಹಿಂತುದಿಯನ್ನು ಹಾಪ್-ಅಪ್ ಕೋಣೆ ಎಂಬ ಪುಟ್ಟ ಭಾಗ ಹಿಡಿದಿಡುತ್ತದೆ, ಆ ಕೋಣೆಯನ್ನು ಒಂದು ಸ್ಪ್ರಿಂಗ್ ಹಿಂದಕ್ಕೆ ತಳ್ಳಿ ಗಾಳಿ ಬರುವ ನಾಸಲ್‌ಗೆ ಒತ್ತಿ ನಿಲ್ಲಿಸುತ್ತದೆ. ಮುಂತುದಿಗೆ ಆಧಾರವಾಗಿರುವುದು ಹೊರ ನಳಿಗೆಯ ಒಳಮೈಯೊಂದೇ, ಅದೂ ಹಲವು ಬಂದೂಕುಗಳಲ್ಲಿ ಸಾಕಷ್ಟು ಸಡಿಲವಾಗಿಯೇ ಇರುತ್ತದೆ.

ಹೊರ ನಳಿಗೆಯ ಬುಡ ರಿಸೀವರಿನೊಳಗೆ 3 ಸೆಂಟಿಮೀಟರ್ ಆಳಕ್ಕೆ ಕೂತಿದೆ ಎಂದೂ, ಆ ಕೂಡಿಕೆಯಲ್ಲಿ ಒಂದು ಹಾಳೆ ಕಾಗದದಷ್ಟು, ಅಂದರೆ 0.1 ಮಿಲಿಮೀಟರ್, ಸಡಿಲವಿದೆ ಎಂದೂ ಇಟ್ಟುಕೊಂಡರೆ, ನಳಿಗೆಯ ಬಾಯಿಯ ಬಳಿ ಅದು 1.2 ಮಿಲಿಮೀಟರ್ ಅಲುಗಾಟವಾಗಿ ಬೆಳೆದು, 40 ಮೀಟರ್ ದೂರದಲ್ಲಿ ಸುಮಾರು 13 ಸೆಂಟಿಮೀಟರಿನ ವ್ಯತ್ಯಾಸವಾಗುತ್ತದೆ. ಆದರೆ ಇಲ್ಲಿ ಒಂದು ವಿಚಿತ್ರವಿದೆ: ಎಂ4ನ ಹಳೆಯ ಮಾದರಿಗಳಲ್ಲಿ ಮುಂದಿನ ಗುರಿಕಡ್ಡಿ ಹೊರ ನಳಿಗೆಯ ಮೇಲೆಯೇ ಇರುವುದರಿಂದ, ನಳಿಗೆ ವಾಲಿದಾಗ ಗುರಿಯ ರೇಖೆಯೂ ಅದರ ಜೊತೆಗೇ ವಾಲಿ, ತಪ್ಪಿನ ಬಹುಪಾಲು ತಾನಾಗಿ ಸರಿಹೋಗುತ್ತದೆ. ರಿಸೀವರಿನ ಮೇಲೆ ಕೆಂಪು ಚುಕ್ಕೆಯ ಗುರಿಗನ್ನಡಿಯನ್ನು ಕೂರಿಸಿದ ದಿನ ಆ ರಕ್ಷಣೆ ಇಲ್ಲವಾಗುತ್ತದೆ, ಏಕೆಂದರೆ ಕನ್ನಡಿ ಒಂದು ಕಡೆಗೂ ನಳಿಗೆ ಇನ್ನೊಂದು ಕಡೆಗೂ ನೋಡುತ್ತಿರುತ್ತವೆ. ಆಗ ಹೊಸ ಕನ್ನಡಿಯೇ ಕೆಟ್ಟದ್ದೆಂಬ ತೀರ್ಮಾನಕ್ಕೆ ಆಟಗಾರ ಬರುವುದುಂಟು. ನಳಿಗೆ ಒಂದೇ ಕಡೆಗೆ ಸ್ಥಿರವಾಗಿ ವಾಲಿದ್ದರೆ ಕನ್ನಡಿಯ ತಿರುಪನ್ನು ಅಷ್ಟೇ ತಿರುಗಿಸಿ ಹೊಂದಿಸಬಹುದು, ಆದರೆ ಪ್ರತಿ ಹೊಡೆತಕ್ಕೂ ಬೇರೆ ಬೇರೆ ಕಡೆ ನಿಲ್ಲುವ ನಳಿಗೆಗೆ ಹೊಂದಾಣಿಕೆಯೆಂಬುದೇ ಇಲ್ಲ.

ಇದಕ್ಕಿಂತ ಹೆಚ್ಚಿನ ಕೇಡು ನಳಿಗೆ ತನ್ನ ಉದ್ದದ ಅಕ್ಷದ ಸುತ್ತ ಹೊರಳುವುದರಿಂದ ಆಗುತ್ತದೆಯಾದರೂ ಅದರತ್ತ ಗಮನ ಹೋಗುವುದು ಕಡಿಮೆ. ನಿಜವಾದ ರೈಫಲಿನ ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಹಾದಿಯ ದಿಕ್ಕನ್ನೇ ಅಕ್ಷವಾಗಿಸಿ ತಿರುಗಿಸುತ್ತವೆ. ಏರ್‌ಸಾಫ್ಟ್ ನಳಿಗೆಯ ಒಳಮೈ ನುಣುಪಾಗಿದ್ದು, ಅಲ್ಲಿ ಗುಂಡಿಗೆ ಸುತ್ತು ಕೊಡುವುದು ಹಾಪ್-ಅಪ್. ಈ ಏರ್ಪಾಡಿನಲ್ಲಿ ರಬ್ಬರಿನ ಒಂದು ಸಣ್ಣ ಉಬ್ಬು ನಳಿಗೆಯ ಮೇಲ್ಭಾಗದ ಕಿಂಡಿಯಿಂದ ಕೆಳಕ್ಕೆ ಇಣುಕಿ, ಹಾದುಹೋಗುವ ಗುಂಡಿನ ನೆತ್ತಿಯನ್ನು ಕ್ಷಣಕಾಲ ತಡೆಯುವುದರಿಂದ ಗುಂಡು ಹಿಮ್ಮುಖವಾಗಿ ಸುತ್ತತೊಡಗುತ್ತದೆ. ಹೀಗೆ ಸುತ್ತುವ ಗುಂಡು ತನ್ನ ಹಿಂದಿನ ಗಾಳಿಯನ್ನು ಕೆಳಕ್ಕೆ ತಳ್ಳುತ್ತ, ಅದಕ್ಕೆ ಪ್ರತಿಯಾಗಿ ತಾನು ಮೇಲಕ್ಕೆ ಎತ್ತಲ್ಪಡುತ್ತದೆ. 1850ರ ದಶಕದ ಆರಂಭದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ ಜರ್ಮನ್ ವಿಜ್ಞಾನಿ ಹೈನ್ರಿಖ್ ಗುಸ್ಟಾಫ್ ಮ್ಯಾಗ್ನಸ್ ಅವರ ಹೆಸರು ಈ ಪರಿಣಾಮಕ್ಕೆ ನಿಂತಿದೆ, ಆದರೆ ಅದಕ್ಕೂ ನೂರು ವರ್ಷ ಮೊದಲೇ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಕೋವಿಯ ಗುಂಡುಗಳು ಅಡ್ಡದಾರಿ ಹಿಡಿಯುವುದಕ್ಕೆ ಸುತ್ತುವಿಕೆಯೇ ಕಾರಣವೆಂದು ಗುರುತಿಸಿದ್ದರು. ಕ್ರಿಕೆಟ್ಟಿನ ಸ್ಪಿನ್ ಬೌಲರ್ ಇ.ಎ.ಎಸ್. ಪ್ರಸನ್ನ ಅವರ ಎಸೆತ ಬ್ಯಾಟ್ಸ್‌ಮನ್ನಿನ ಎಣಿಕೆಗಿಂತ ಮೊದಲೇ ಇಳಿದುಬಿಡುತ್ತಿದ್ದುದರಲ್ಲಿಯೂ ಇದೇ ಬಲದ ಪಾಲಿತ್ತು; ಅಲ್ಲಿನ ಸುತ್ತು ಮುಮ್ಮುಖವಾದ್ದರಿಂದ ಬಲ ಕೆಳಮುಖವಾಗಿತ್ತು.

ಹಾಪ್-ಅಪ್ ಸರಿಯಾಗಿ ಹೊಂದಿಸಿದ್ದಾಗ ಈ ಎತ್ತುವ ಬಲ ಗುಂಡಿನ ತೂಕಕ್ಕೆ ಹೆಚ್ಚುಕಡಿಮೆ ಸಮವಾಗಿರುತ್ತದೆ. ಆದರೆ ರಬ್ಬರಿನ ಉಬ್ಬು ನೆತ್ತಿಯ ನೇರದಿಂದ 5 ಡಿಗ್ರಿ ಪಕ್ಕಕ್ಕೆ ಸರಿದರೆ ಆ ಬಲವೂ ಅಷ್ಟೇ ಓರೆಯಾಗಿ, ಅದರ ಹನ್ನೆರಡರಲ್ಲಿ ಒಂದು ಪಾಲಿನಷ್ಟು ಗುಂಡನ್ನು ಅಡ್ಡಕ್ಕೆ ಎಳೆಯತೊಡಗುತ್ತದೆ. 1 ಜೌಲ್ ಶಕ್ತಿಯಿಂದ ಹೊರಟ 0.25 ಗ್ರಾಂ ಗುಂಡು 40 ಮೀಟರ್ ಕ್ರಮಿಸಲು ಸೆಕೆಂಡಿಗಿಂತ ತುಸು ಕಡಿಮೆ ಸಮಯ ತೆಗೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿದರೆ, ಅಷ್ಟರಲ್ಲಿ ಅದು ಸುಮಾರು 30 ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಕೈಯಿಂದ ಅಲುಗಿಸಿದಾಗ ಕಟಕಟ ಸದ್ದು ಮಾಡುವ ಹೊರ ನಳಿಗೆಗಿಂತ, ಸದ್ದೇ ಇಲ್ಲದೆ ಕೆಲವು ಡಿಗ್ರಿ ಹೊರಳುವ ಹಾಪ್-ಅಪ್ ಕೋಣೆ ಇಮ್ಮಡಿಗೂ ಮಿಕ್ಕಿದ ಹಾನಿ ಮಾಡಬಲ್ಲದು. ಇಂಥ ತಪ್ಪಿಗೆ ಗುರಿಗನ್ನಡಿಯಲ್ಲಿ ಪರಿಹಾರವೂ ಇಲ್ಲ, ಏಕೆಂದರೆ ಅಲ್ಲಿ ಗುಂಡಿನ ಹಾದಿ ಬರಿದೆ ಓರೆಯಾಗಿರದೆ ಬಾಗಿರುತ್ತದೆ.

ದುರಸ್ತಿಗೆ ಕೈಹಾಕುವ ಮೊದಲು ಮ್ಯಾಗಜಿನ್ ಕಳಚಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ನಳಿಗೆಯಲ್ಲಿ ಉಳಿದಿರಬಹುದಾದ ಗುಂಡನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ, ಬ್ಯಾಟರಿಯನ್ನು ಬೇರ್ಪಡಿಸುವುದು ಕಡ್ಡಾಯ. ಅನಂತರ ರಿಸೀವರ್ ಮತ್ತು ನಳಿಗೆ ಕೂಡುವ ಜಾಗದ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ನಳಿಗೆಯ ಬಾಯನ್ನು ಮೇಲೆ ಕೆಳಗೆ, ಅಕ್ಕಪಕ್ಕಕ್ಕೆ, ಸುತ್ತಲೂ ಅಲುಗಿಸಿದರೆ ಸಡಿಲ ಎಲ್ಲಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಎರಡು ತುಂಡುಗಳ ಹೊರ ನಳಿಗೆಯಾಗಿದ್ದರೆ ನಡುವಿನ ಥ್ರೆಡ್ ಬಿಚ್ಚಿಕೊಂಡಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ. ಕೊಳಾಯಿ ಕೆಲಸದವರು ಬಳಸುವ ಬಿಳಿಯ ಟೆಫ್ಲಾನ್ ಟೇಪನ್ನು ಅಲ್ಲಿ ಎರಡು ಸುತ್ತು ಸುತ್ತಿ ಮತ್ತೆ ಬಿಗಿದರೆ ಆ ಭಾಗದ ಕೆಲಸ ಮುಗಿಯಿತು.

ಬುಡದ ಸಡಿಲ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಮೊದಲು ಪರೀಕ್ಷಿಸಬೇಕಾದದ್ದು ದೊಡ್ಡ ನಟ್ಟನ್ನು; ನಿಜವಾದ ಎಂ4ನಲ್ಲಿ ಅದನ್ನು ಕನಿಷ್ಠ 40 ನ್ಯೂಟನ್-ಮೀಟರ್ ಬಲದಿಂದ ಬಿಗಿಯುತ್ತಾರೆ, ಆದರೆ ಮೃದುವಾದ ಸತು ಮಿಶ್ರಲೋಹದ ಅಥವಾ ಪ್ಲಾಸ್ಟಿಕ್ಕಿನ ರಿಸೀವರ್ ಮೇಲೆ ಅದೇ ಬಲ ಹಾಕಿದರೆ ಥ್ರೆಡ್ ಹರಿದುಹೋಗುತ್ತದೆ. ಸಣ್ಣ ಸ್ಕ್ರೂಗಳಿದ್ದರೆ ಒಂದನ್ನೇ ಪೂರ್ತಿ ಬಿಗಿಯದೆ ಸರದಿಯಂತೆ ಅರ್ಧರ್ಧ ಸುತ್ತು ತಿರುಗಿಸುತ್ತ ಹೋಗಬೇಕು, ಇಲ್ಲವಾದರೆ ನಳಿಗೆ ನಡುವಿನಿಂದ ಸರಿದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಕ್ರೂಗಳು ಮತ್ತೆ ಸಡಿಲವಾಗದಿರಲು ಹಚ್ಚುವ ನೀಲಿ ಥ್ರೆಡ್‌ಲಾಕರ್ ಗಾಳಿ ಸಿಗದ, ಲೋಹ ತಗಲುವ ಜಾಗದಲ್ಲಿ ಗಟ್ಟಿಯಾಗುವ ಅಂಟು. ಲೋಹದ ಮೇಲೆ ಒಳ್ಳೆಯದಾದ ಇದೇ ದ್ರವ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮೇಲೆ ಬಿದ್ದರೆ ಅದು ಬಿರುಕು ಬಿಡುವ ಅಪಾಯವಿದೆ. ಇಷ್ಟಾದರೂ ಸಡಿಲ ಉಳಿದರೆ ಬುಡದ ಸುತ್ತ ತೆಳುವಾದ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡಿನ ಪ್ಯಾಕಿಂಗ್ ಕೊಡಬಹುದು. ಎಪಾಕ್ಸಿ ಅಂಟು ಹಾಕಿ ಶಾಶ್ವತವಾಗಿ ಕೂರಿಸುವ ಸಲಹೆಯೂ ಪ್ರಚಾರದಲ್ಲಿದೆ. ಮುಂದೆ ನಳಿಗೆಯನ್ನೋ ರಿಸೀವರನ್ನೋ ಬದಲಿಸಬೇಕಾದಾಗ ಎರಡನ್ನೂ ಒಟ್ಟಿಗೆ ಎಸೆಯಬೇಕಾಗುವುದರಿಂದ ಅದನ್ನು ಉಪಾಯವೆನ್ನುವುದಕ್ಕಿಂತ ಸೋಲೆನ್ನುವುದು ಸರಿ.

ಒಳ ನಳಿಗೆಯ ಮುಂತುದಿಯ ಅಲುಗಾಟಕ್ಕೆ ಬಾಯಿಯ ಹತ್ತಿರ ಒಂದು ಕಡೆ, ನಡುವೆ ಇನ್ನೊಂದು ಕಡೆ ಇನ್ಸುಲೇಷನ್ ಟೇಪನ್ನು ಕಿರಿದಾದ ಬಳೆಯಾಕಾರದಲ್ಲಿ ಸುತ್ತುವುದು ವಾಡಿಕೆ, ಮತ್ತು ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಟೇಪು ದಪ್ಪವಾಗಿ ಒಳ ನಳಿಗೆ ಬಿಗಿಯಾಗಿ ಸಿಕ್ಕಿಕೊಂಡರೆ, ಕೋಣೆಯನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗಿಗೆ ಅದನ್ನು ಸರಿಸುವ ಶಕ್ತಿ ಸಾಲದೆ, ನಾಸಲ್ ಮತ್ತು ರಬ್ಬರಿನ ನಡುವೆ ಗಾಳಿ ಸೋರಿ ಗುಂಡಿನ ವೇಗ ಹೊಡೆತದಿಂದ ಹೊಡೆತಕ್ಕೆ ಬದಲಾಗುತ್ತದೆ. ಜೊತೆಗೆ ಹೊರ ನಳಿಗೆ ಹೊರಳಿದಾಗ ಆ ಟೇಪೇ ಒಳ ನಳಿಗೆಯನ್ನೂ ಹಾಪ್-ಅಪ್ ಕೋಣೆಯನ್ನೂ ತನ್ನ ಜೊತೆಗೆ ಹೊರಳಿಸುತ್ತದೆ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಜಾರುವಷ್ಟು, ಅಲುಗಿಸಿದರೆ ಸದ್ದಾಗದಷ್ಟು ದಪ್ಪವೇ ಸರಿಯಾದ ಅಳತೆ. ಕೋಣೆಯೇ ರಿಸೀವರಿನೊಳಗೆ ಹೊರಳುತ್ತಿದ್ದರೆ ಅದರ ಎರಡೂ ಪಕ್ಕಗಳಿಗೆ ಸಮ ದಪ್ಪದ ಟೇಪಿನ ತುಣುಕು ಅಂಟಿಸಿ ನೆಟ್ಟಗೆ ನಿಲ್ಲಿಸಬೇಕು. ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ ಹಾಪ್-ಅಪ್ಪನ್ನು ಪೂರ್ತಿ ಸಡಿಲಿಸಿ ಮೊದಲಿನಿಂದ ಹೊಂದಿಸುತ್ತ ಬಂದರೆ, ಗುಂಡು ಮೇಲಕ್ಕೆ ಏಳತೊಡಗಿದಾಗ ಅದು ಯಾವ ಕಡೆಗೂ ಬಾಗದೆ ನೇರವಾಗಿ ಏಳುತ್ತದೆಯೇ ಎಂಬುದರಿಂದ ಕೋಣೆ ನೆಟ್ಟಗೆ ಕೂತಿದೆಯೇ ಎಂಬುದು ಗೊತ್ತಾಗುತ್ತದೆ.